ಪಿಯಾನೋದ ಮುಂದೆ ಕುಳಿತ ಸವ್ಯಸಾಚಿ

(ಕುಂಬಳೆಯ ವಾಚನಾಲಯವೊಂದರ ತಿಂಗಳ ಕಾರ್ಯಕ್ರಮದಲ್ಲಿ ಸಂಗೀತಗಾರ ಆಂಡ್ರೆ ಪ್ರೆವಿನ್ ಬಗ್ಗೆ ಮಾಡಿದ ಉಪನ್ಯಾಸ. ಬರೆಯುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ; ಆಚೀಚೆ ಹೋದದ್ದನ್ನು ಸ್ವಲ್ಪ ಉಳಿಸಿಕೊಂಡಿದ್ದೇನೆ.)

ಹಿರಿಯರಿಗೂ ಮಿತ್ರರಿಗೂ, ಹಿಂದಿನ ಬೆಂಚನ್ನೇ ಈಗಲೂ ಹುಡುಕಿ ಕುಳಿತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ನಮಸ್ಕಾರ.

ಮೊನ್ನೆ ಕಾರ್ಯದರ್ಶಿಯವರು ಫೋನ್ ಮಾಡಿ, "ಮಾಸ್ಟ್ರೇ, ಪಿಯಾನೋದವರ ಬಗ್ಗೆ ಮಾತನಾಡುತ್ತೀರಿ, ವೇದಿಕೆಯ ಮೇಲೆ ಒಂದು ಪಿಯಾನೋ ಬೇಡವೇ?" ಎಂದು ಕೇಳಿದರು. ಬೇಕು, ಆದರೆ ತರುವುದೆಲ್ಲಿಂದ? ತಂದರೂ ಆಟಿ ತಿಂಗಳ ಮಳೆಗೆ ಅದು ಉಳಿಯಬೇಕಲ್ಲ. ಇನ್ನೂರಕ್ಕೂ ಹೆಚ್ಚು ತಂತಿಗಳನ್ನು ಟನ್ನುಗಟ್ಟಲೆ ಬಿಗಿತದಲ್ಲಿ ಎಳೆದು ಕಟ್ಟಿದ ಮರದ ವಾದ್ಯ ಅದು. ನಮ್ಮ ಕಡೆಯ ತೇವಕ್ಕೆ ಹಪ್ಪಳವೇ ನಿಲ್ಲುವುದಿಲ್ಲ, ಇನ್ನು ಶ್ರುತಿ ನಿಲ್ಲುತ್ತದೆಯೇ! ಆದ್ದರಿಂದ ಭಜನಾ ಮಂದಿರದ ಹಾರ್ಮೋನಿಯಂ ತಂದಿದ್ದಾರೆ. ಇದರ ಕಪ್ಪು ನಾಲ್ಕು ಒತ್ತಿದರೆ ಮೇಲೆ ಬರುವುದಿಲ್ಲ, ಬೆರಳಿನಿಂದ ಎತ್ತಬೇಕು. ಇರಲಿ. ಇನ್ನೊಂದು ಮಾತು: ಸ್ಟೇಷನ್ ಹತ್ತಿರವೇ ಇರುವುದರಿಂದ ರೈಲು ಹೋಗುವಾಗ ನಾನು ಮಾತು ನಿಲ್ಲಿಸುತ್ತೇನೆ. ಮೈಕಿನ ಜೊತೆ ಜಗಳವಾಡಬಹುದು, ರೈಲಿನ ಜೊತೆ ಆಗುವುದಿಲ್ಲ.

ಹಾರ್ಮೋನಿಯಂನಿಂದಲೇ ಶುರು ಮಾಡುತ್ತೇನೆ. ನನ್ನ ಎಡಗೈಯನ್ನು ನೋಡಿ. ತಿದಿ ಒತ್ತುವುದೊಂದೇ ಅದರ ಕೆಲಸ. ರಾಗವೆಲ್ಲ ಬಲಗೈಯದು, ಎಡಗೈ ಕೂಲಿಯಾಳು. ಈ ವಾದ್ಯ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದಾಗ ಹಾಗಿರಲಿಲ್ಲ. ಕಾಲಿನಿಂದ ಗಾಳಿ ತುಂಬಿ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ನಾವು ನೆಲದ ಮೇಲೆ ಕುಳಿತು ಹಾಡುವವರು. ಅದರ ಕಾಲು ಕತ್ತರಿಸಿ ನಮ್ಮ ಪಕ್ಕದಲ್ಲಿ ಕೂರಿಸಿಕೊಂಡೆವು, ಎಡಗೈಯನ್ನು ತಿದಿಗೆ ಕೊಟ್ಟೆವು. ನಮ್ಮ ಸಂಗೀತಕ್ಕೆ ಅಷ್ಟೇ ಸಾಕಿತ್ತು. ಪಿಯಾನೋದಲ್ಲಿ 88 ಮನೆಗಳು, ಬಿಳಿ 52, ಕಪ್ಪು 36. ಅಲ್ಲಿ ಎಡಗೈ ಒಂದು ಮಾತು ಹೇಳಿದರೆ ಬಲಗೈ ಇನ್ನೊಂದು ಹೇಳುತ್ತದೆ, ಎರಡೂ ಸೇರಿ ಮೂರನೆಯ ಅರ್ಥ ಹುಟ್ಟುತ್ತದೆ. ಎರಡೂ ಕೈಗಳಿಂದ ಬಾಣ ಬಿಡುವವನು ಎಂದು ಅರ್ಜುನನನ್ನು ಸವ್ಯಸಾಚಿ ಎನ್ನುತ್ತೇವೆ. ಆ ಲೆಕ್ಕದಲ್ಲಿ ಪಿಯಾನೋ ನುಡಿಸುವವರೆಲ್ಲರೂ ಸವ್ಯಸಾಚಿಗಳೇ. ಆದರೆ ನಾನು ಇವತ್ತು ಹೇಳಹೊರಟಿರುವ ಆಂಡ್ರೆ ಪ್ರೆವಿನ್ ಬದುಕಿನಲ್ಲೂ ಸವ್ಯಸಾಚಿ. ಸಿನಿಮಾ, ಜಾಸ್, ಶಾಸ್ತ್ರೀಯ ಪಿಯಾನೋ, ವಾದ್ಯವೃಂದದ ನಿರ್ದೇಶನ, ಸ್ವಂತ ರಚನೆ, ಒಪೆರಾ ಎಂಬ ಹಾಡುನಾಟಕ, ಎಲ್ಲದಕ್ಕೂ ಅವರ ಕೈ ಹೋಯಿತು. ಅದಕ್ಕಾಗಿ ಜೀವನವಿಡೀ ಒಂದು ಪ್ರಶ್ನೆಯನ್ನೂ ಎದುರಿಸಿದರು: "ಅದೆಲ್ಲ ಸರಿ, ನೀವು ನಿಜವಾಗಿ ಏನು?"

ಈ ಪ್ರಶ್ನೆಯ ಕಿರಿಕಿರಿ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಾನು ಮನೆಯಲ್ಲಿ ಹವಿಗನ್ನಡ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಮೀನಿನ ಮಾರುಕಟ್ಟೆಯ ಪಕ್ಕದ ಅಂಗಡಿಯಲ್ಲಿ ಬ್ಯಾರಿ ಮಾತನಾಡಿ ಬೆಳೆದವನು. ಒಮ್ಮೆ ಒಂದು ಕಚೇರಿಯಲ್ಲಿ ಅರ್ಜಿ ತುಂಬಿಸುವಾಗ ಮಾತೃಭಾಷೆಯ ಕಾಲಂ ಎದುರು ಪೆನ್ನು ನಿಂತಿತು. ಅಲ್ಲಿದ್ದ ಗುಮಾಸ್ತರು, "ಇಷ್ಟು ಚೆನ್ನಾಗಿ ಮಲಯಾಳ ಮಾತನಾಡುತ್ತೀರಿ, ಅದನ್ನೇ ಬರೆಯಿರಿ, ಕೆಲಸ ಬೇಗ ಆಗುತ್ತದೆ" ಎಂದರು. ಬೆಂಗಳೂರಿಗೆ ಹೋದರೆ, "ನೀವು ಕೇರಳದವರಲ್ಲವೇ, ಕನ್ನಡ ಎಷ್ಟು ಶುದ್ಧವಾಗಿದೆ!" ಎನ್ನುತ್ತಾರೆ. ಎರಡೂ ಕಡೆ ಹೊಗಳಿಕೆಯೇ. ಎರಡೂ ಕಡೆ ನಾವು ಅತಿಥಿಗಳು.

ಪ್ರೆವಿನ್ ಹುಟ್ಟಿದ್ದು 1929ರ ಏಪ್ರಿಲ್ 6ರಂದು, ಬರ್ಲಿನ್‌ನಲ್ಲಿ, ಆಂಡ್ರಿಯಾಸ್ ಲುಡ್ವಿಗ್ ಪ್ರಿವಿನ್ ಎಂಬ ಹೆಸರಿನಿಂದ. ಯಹೂದಿ ಕುಟುಂಬ, ತಂದೆ ವಕೀಲರು, ಪಿಯಾನೋದ ಹುಚ್ಚಿದ್ದವರು. ಇಡೀ ವಾದ್ಯವೃಂದಕ್ಕೆ ಬರೆದ ಸಿಂಫನಿಗಳನ್ನು ಒಂದೇ ಪಿಯಾನೋದಲ್ಲಿ ಇಬ್ಬರು ನಾಲ್ಕು ಕೈಗಳಿಂದ ನುಡಿಸುವಂತೆ ಬರೆದ ಪುಸ್ತಕಗಳು ಇರುತ್ತವೆ. ತಂದೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ್ನು ನೋಡಿದಂತೆಯೇ ನುಡಿಸುತ್ತ ಹೋಗುತ್ತಿದ್ದರು. ಮುಂದೆ ಪ್ರೆವಿನ್ ಯಾವ ಹಾಳೆಯನ್ನು ಎದುರಿಗಿಟ್ಟರೂ ಓದಿ ನುಡಿಸುವವರೆಂದು ಹೆಸರಾದದ್ದಕ್ಕೆ ಬುನಾದಿ ಅಲ್ಲಿದೆ. ಬರ್ಲಿನ್‌ನ ಸಂಗೀತ ಶಾಲೆಗೂ ಸೇರಿಸಿದರು. 1938ರಲ್ಲಿ, ಯಹೂದಿ ಎಂಬ ಒಂದೇ ಕಾರಣಕ್ಕೆ, ಹುಡುಗನನ್ನು ಅಲ್ಲಿಂದ ಹೊರಹಾಕಿದರು. ಕುಟುಂಬ ಇದ್ದದ್ದನ್ನೆಲ್ಲ ಬಿಟ್ಟು ಪ್ಯಾರಿಸಿಗೆ ಹೋಯಿತು. ಅಲ್ಲಿಂದ ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿ ತಂದೆಗೆ ವಕೀಲಿಕೆ ಮಾಡಲು ಇಂಗ್ಲಿಷ್ ಇಲ್ಲ, ಕಾನೂನು ಬೇರೆ. ಪಿಯಾನೋ ಪಾಠ ಹೇಳಿ ಸಂಸಾರ ನಡೆಸಿದರು. ಹತ್ತು ವರ್ಷದ ಹುಡುಗನಿಗೆ ಅದಾಗಲೇ ಮೂರನೆಯ ದೇಶ, ಮೂರನೆಯ ಭಾಷೆ. ಹೆಸರೂ ಬದಲಾಯಿತು.

ಹದಿಹರೆಯದಲ್ಲಿ ಕೈಖರ್ಚಿಗೆಂದು ಮೂಕಿ ಚಿತ್ರಗಳಿಗೆ ಪಿಯಾನೋ ನುಡಿಸುವ ಕೆಲಸ ಹಿಡಿದರು. ಅವರೇ ಹೇಳಿಕೊಳ್ಳುತ್ತಿದ್ದ ಕತೆ ಇದು. ಗ್ರಿಫಿತ್ ಅವರ 1916ರ 'ಇನ್‌ಟಾಲರೆನ್ಸ್' ಎಂಬ ಚಿತ್ರದಲ್ಲಿ ನಾಲ್ಕು ಕಾಲದ ಕತೆಗಳು ಒಂದರೊಳಗೊಂದು ಬರುತ್ತವೆ. ಒಂದು ಯೇಸುವಿನದು, ಒಂದು ಆಧುನಿಕ ಕಾಲದ್ದು. ಆಧುನಿಕ ಕತೆ ನಡೆಯುತ್ತಿದೆ ಎಂಬ ಭರವಸೆಯಲ್ಲಿ ಹುಡುಗ ಕುಣಿತದ ಹಾಡೊಂದನ್ನು ಜೋರಾಗಿ ಬಾರಿಸುತ್ತಿದ್ದಾನೆ. ತಲೆ ಎತ್ತಿ ನೋಡಿದರೆ ಪರದೆಯ ಮೇಲೆ ಶಿಲುಬೆ! ಕೆಲಸ ಅಲ್ಲಿಗೇ ಮುಗಿಯಿತು. ನಮ್ಮ ಮೇಳಗಳಲ್ಲೂ ಇಂಥ ಪ್ರಮಾದಗಳು ಆಗಿವೆ. ನಿದ್ದೆಗಣ್ಣಿನ ಚೆಂಡೆಯವರು ಕರುಣರಸದ ಪದ್ಯಕ್ಕೆ ಯುದ್ಧದ ಪೆಟ್ಟು ಕೊಟ್ಟದ್ದನ್ನು ನಾನೇ ಕೇಳಿದ್ದೇನೆ, ಯಾವ ಮೇಳ ಎಂದು ಮಾತ್ರ ಹೇಳುವುದಿಲ್ಲ.

ಆರ್ಟ್ ಟೇಟಮ್ ಎಂಬ ಮಹಾ ಜಾಸ್ ವಾದಕರ ಒಂದು ಧ್ವನಿಮುದ್ರಿಕೆ ಕೇಳಿದ್ದು ಪ್ರೆವಿನ್‌ರನ್ನು ಇನ್ನೊಂದು ದಾರಿಗೆ ಎಳೆಯಿತು. ಕೇಳಿ ಕೇಳಿ ಸ್ವರಸ್ವರವನ್ನೂ ಬರೆದುಕೊಂಡರು. ಜಾಸ್ ಎಂದರೇನು ಎಂದು ಇಲ್ಲಿ ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ತಾಳಮದ್ದಳೆ ಕೇಳಿದವರಿಗೆ ಇದು ಕಷ್ಟವೇ ಅಲ್ಲ. ಪ್ರಸಂಗದ ಪದ್ಯ ಗೊತ್ತಿರುವುದೇ, ಭಾಗವತರು ಹಾಡಿ ಮುಗಿಸುತ್ತಾರೆ. ಆಮೇಲೆ ಅರ್ಥಧಾರಿ ಏನು ಹೇಳುತ್ತಾರೆ ಎಂಬುದು ಅವರಿಗೂ ಆ ಕ್ಷಣದವರೆಗೆ ಗೊತ್ತಿರುವುದಿಲ್ಲ. ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಲ್ಲಿದ್ದೀರಿ. ಪದ್ಯ ಅದೇ, ಒಂದು ರಾತ್ರಿಯ ವಾಲಿ ಇನ್ನೊಂದು ರಾತ್ರಿಗೆ ಬರುತ್ತಿರಲಿಲ್ಲ. ಜಾಸ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಹಾಡು ಪದ್ಯ. ಅದರ ಮೇಲೆ ವಾದಕ ಆಗಿಂದಾಗ್ಗೆ ಕಟ್ಟುವುದು ಅರ್ಥ.

ಹಾಲಿವುಡ್ಡಿನ ಎಂಜಿಎಂ ಸಿನಿಮಾ ಸ್ಟುಡಿಯೋದ ಬಾಗಿಲು ಪ್ರೆವಿನ್ ಅವರಿಗೆ ತೆರೆದದ್ದೂ ಇದರಿಂದಲೇ. 1946ರಲ್ಲಿ ಬಂದ ಒಂದು ಚಿತ್ರದಲ್ಲಿ ಹೊಸೆ ಇಟುರ್ಬಿ ಎಂಬ ಪ್ರಸಿದ್ಧ ಶಾಸ್ತ್ರೀಯ ಪಿಯಾನೋ ವಾದಕರು ಜಾಸ್ ನುಡಿಸಬೇಕಿತ್ತು. ಬರೆದುಕೊಟ್ಟದ್ದನ್ನು ಎಷ್ಟು ಬೇಕಾದರೂ ನುಡಿಸುವವರು, ಬರೆಯದೆ ಇದ್ದದ್ದನ್ನು ನುಡಿಸಲಾರರು. ಆಗ ಇನ್ನೂ ಹೈಸ್ಕೂಲಿನಲ್ಲಿದ್ದ ಪ್ರೆವಿನ್‌ರನ್ನು ಕರೆಸಿ, ಆಗಿಂದಾಗ್ಗೆ ಹುಟ್ಟಿದಂತೆ ಕೇಳಿಸುವ ಜಾಸನ್ನು ಮೊದಲೇ ಬರೆಸಿಕೊಂಡರು. ಆಶು ಅರ್ಥವನ್ನು ಕಾಗದದಲ್ಲಿ ಬರೆದು ಅರ್ಥಧಾರಿಯ ಕೈಗೆ ಕೊಟ್ಟ ಹಾಗೆ! ಎರಡು ಭಾಷೆ ಗೊತ್ತಿದ್ದವನಿಗೆ ಮೊದಲು ಸಿಗುವ ಕೆಲಸ ಯಾವಾಗಲೂ ದುಭಾಷಿಯದೇ.

ಅವರು ಪೂರ್ತಿಯಾಗಿ ಸಂಗೀತ ಕೊಟ್ಟ ಮೊದಲ ಚಿತ್ರ 1949ರದು, ಲಾಸ್ಸಿ ಎಂಬ ನಾಯಿಯ ಚಿತ್ರ. ಮಾತು ಕಡಿಮೆ, ಬೊಗಳುವಿಕೆ ಜಾಸ್ತಿ. ಸಂಗೀತಕ್ಕೆ ಬೇಕಾದಷ್ಟು ಜಾಗ. ಹಾಲಿವುಡ್ಡನ್ನು ಕೀಳಾಗಿ ಕಾಣುವುದು ಸಂಗೀತ ಪಂಡಿತರಿಗೆ ಅಭ್ಯಾಸ. ನನಗೆ ಹಾಗೆ ಅನ್ನಿಸುವುದಿಲ್ಲ. ಇವತ್ತು ರಾತ್ರಿ ಬರೆದದ್ದನ್ನು ಕೆಲವೇ ದಿನಗಳಲ್ಲಿ ನುರಿತ ವಾದ್ಯವೃಂದ ನುಡಿಸಿ ತೋರಿಸುತ್ತದೆ. ಇಲ್ಲಿ ಕೊಳಲು ಮುಳುಗಿತು, ಅಲ್ಲಿ ಕಹಳೆ ಹೆಚ್ಚಾಯಿತು ಎಂದು ಕಿವಿಯೇ ಕಲಿಯುತ್ತದೆ. ಇಷ್ಟು ದುಬಾರಿ ಪಾಠಶಾಲೆಯನ್ನು ಯಾವ ವಿಶ್ವವಿದ್ಯಾಲಯ ನಡೆಸೀತು? ಅದೂ ಸಂಬಳ ಕೊಟ್ಟು! 'ಜೀಜೀ', 'ಪೋರ್ಗಿ ಆ್ಯಂಡ್ ಬೆಸ್', 'ಇರ್ಮಾ ಲಾ ದೂಸ್', 'ಮೈ ಫೇರ್ ಲೇಡಿ' ಈ ನಾಲ್ಕು ಚಿತ್ರಗಳಿಗೆ ನಾಲ್ಕು ಆಸ್ಕರ್ ಬಂದವು. ಮೂವತ್ತಾರು ದಾಟುವುದರೊಳಗೆ ನಾಲ್ಕೂ ಮನೆಯಲ್ಲಿದ್ದವು.

ಇವುಗಳಲ್ಲಿ ಕೊನೆಯದರ ಹತ್ತಿರ ಸ್ವಲ್ಪ ನಿಲ್ಲಬೇಕು. 'ಮೈ ಫೇರ್ ಲೇಡಿ' ಮೊದಲು ರಂಗಕ್ಕೆ ಬಂದ ಸಂಗೀತ ನಾಟಕ, 1956ರದು. ಅದೇ ವರ್ಷ ಡ್ರಮ್ ವಾದಕ ಶೆಲ್ಲಿ ಮ್ಯಾನ್, ಬೇಸ್ ವಾದಕ ಲೀರಾಯ್ ವಿನ್ನೆಗರ್ ಮತ್ತು ಪ್ರೆವಿನ್ ಮೂವರು ಕುಳಿತು ಆ ನಾಟಕದ ಹಾಡುಗಳನ್ನು ಜಾಸ್ ಆಗಿ ನುಡಿಸಿ ಒಂದು ಇಡೀ ಆಲ್ಬಮ್ ಮಾಡಿದರು. ಅದು ಮಾರಾಟವಾದ ರಭಸಕ್ಕೆ ರಂಗನಾಟಕಗಳ ಹಾಡುಗಳನ್ನು ಜಾಸ್‌ಗೆ ತರುವುದೇ ಒಂದು ಪದ್ಧತಿಯಾಯಿತು. ಎಂಟು ವರ್ಷದ ನಂತರ, 1964ರಲ್ಲಿ, ಆ ನಾಟಕ ಸಿನಿಮಾ ಆದಾಗ ಅವೇ ಹಾಡುಗಳನ್ನು ದೊಡ್ಡ ವಾದ್ಯವೃಂದಕ್ಕೆ ಅಳವಡಿಸಿ, ನಿರ್ದೇಶಿಸಿ ಆಸ್ಕರ್ ಪಡೆದವರೂ ಪ್ರೆವಿನ್ನೇ. ಒಮ್ಮೆ ಹಾಡನ್ನು ಬಿಚ್ಚಿ ಹರಡಿದರು, ಇನ್ನೊಮ್ಮೆ ಒಂದು ಸ್ವರ ಆಚೀಚೆ ಆಗದಂತೆ ನೂರು ಜನರ ಕೈಯಲ್ಲಿ ಕಟ್ಟಿದರು. ನನ್ನನ್ನು ಕೇಳಿದರೆ ಅವರ ಸವ್ಯಸಾಚಿತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಹಳ ಕೆಲಸ ಮಾಡಿದರು ಎಂಬುದಲ್ಲ. ಒಂದೇ ಹಾಡನ್ನು ಎರಡು ಭಾಷೆಯಲ್ಲಿ ಆಡಿದರು, ಯಾವುದರಲ್ಲೂ ಪರಭಾಷೆಯ ಉಚ್ಚಾರ ಕೇಳಿಸಲಿಲ್ಲ.

ಆದರೂ ಅವರಿಗೆ ಅಷ್ಟು ಸಾಲಲಿಲ್ಲ. ಐವತ್ತರ ದಶಕದ ಆರಂಭದಲ್ಲಿ ಸೈನ್ಯದ ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಗ ಪಿಯೆರ್ ಮಾಂತೋ ಎಂಬ ಹಿರಿಯರ ಬಳಿ ವಾದ್ಯವೃಂದ ನಿರ್ದೇಶನ ಕಲಿತಿದ್ದರು. ಆ ಬೀಜ ಒಳಗೇ ಇತ್ತು. ಸಿನಿಮಾದ ದೊಡ್ಡ ಸಂಬಳ ಬಿಟ್ಟು ಸಣ್ಣ ಊರುಗಳ ಆರ್ಕೆಸ್ಟ್ರಾಗಳನ್ನು ನಿರ್ದೇಶಿಸುತ್ತ ತಿರುಗಿದರು. 1967ರಲ್ಲಿ ಹ್ಯೂಸ್ಟನ್, 1968ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಪ್ರಧಾನ ನಿರ್ದೇಶಕ ಸ್ಥಾನ. ಅಲ್ಲಿ 1979ರವರೆಗೆ ಇದ್ದರು. "ಹಾಲಿವುಡ್ಡಿನವರು" ಎಂಬ ಮೊಹರು ಹಣೆಯ ಮೇಲಿಂದ ಪೂರ್ತಿ ಅಳಿಯಲಿಲ್ಲ. ಜಾಸ್ ಲೋಕದವರಿಗೆ ಅವರು ಸಿನಿಮಾದವರು, ಸಿನಿಮಾದವರಿಗೆ ಬಿಟ್ಟುಹೋದವರು, ಶಾಸ್ತ್ರೀಯದವರಿಗೆ ತಡವಾಗಿ ಬಂದವರು.

ತಡವಾಗಿ ಬಂದವರು ಮಾಡಿದ್ದೇನು? ರಾಖ್ಮಾನಿನೋವ್ ಅವರ ಎರಡನೆಯ ಸಿಂಫನಿ ಸುಮಾರು ಒಂದು ಗಂಟೆಯದು. ಉದ್ದವಾಯಿತೆಂದು ದಶಕಗಳ ಕಾಲ ಎಲ್ಲರೂ ಅಲ್ಲಲ್ಲಿ ಕತ್ತರಿಸಿ ನುಡಿಸುತ್ತಿದ್ದರು. ನಮ್ಮ ಕಾಲಮಿತಿ ಯಕ್ಷಗಾನದ ಹಾಗೆ, ಹತ್ತೂವರೆಗೆ ಮಂಗಳ. ಪ್ರೆವಿನ್ ಲಂಡನ್ನಿನ ವಾದ್ಯವೃಂದದೊಂದಿಗೆ ಅದನ್ನು ಒಂದು ಸ್ವರವನ್ನೂ ಬಿಡದೆ ನುಡಿಸಿ 1973ರಲ್ಲಿ ಧ್ವನಿಮುದ್ರಿಸಿದರು. ಕೇಳಿದವರಿಗೆ ಆ ಕೃತಿಯ ಉದ್ದ ಭಾರವಲ್ಲ, ಅದೇ ಅದರ ಉಸಿರು ಎಂದು ಗೊತ್ತಾಯಿತು. ಬೆಳಗಿನವರೆಗೆ ಆಟ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

(ಇಲ್ಲಿ ರೈಲು ಹೋಯಿತು. ಗೂಡ್ಸ್ ಆದ್ದರಿಂದ ಸಭೆಗೆ ಚಹಾ ಕುಡಿದು ಮುಗಿಸುವಷ್ಟು ಸಮಯ ಸಿಕ್ಕಿತು.)

ಈಗ 1971. ಆ ವರ್ಷದ ಎರಡು ಸಂಗತಿಗಳನ್ನು ಹೇಳುವುದಕ್ಕೆಂದೇ ನಾನು ಈ ಉಪನ್ಯಾಸಕ್ಕೆ ಒಪ್ಪಿದ್ದು.

ಮೊದಲನೆಯದು ಜನವರಿ 28ರದು. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಪಂಡಿತ್ ರವಿಶಂಕರ್ ಅವರಿಂದ ಸಿತಾರ್ ಮತ್ತು ವಾದ್ಯವೃಂದಕ್ಕಾಗಿ ಒಂದು ಕಾನ್ಸರ್ಟೋ, ಅಂದರೆ ಒಂದು ವಾದ್ಯ ಮುಂದಾಗಿ ವಾದ್ಯವೃಂದದ ಜೊತೆ ನುಡಿಯುವ ಕೃತಿ, ಬರೆಸಿತ್ತು. ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಅದರ ಮೊದಲ ಪ್ರದರ್ಶನ. ಸಿತಾರ್ ರವಿಶಂಕರ್ ಅವರದು, ನಿರ್ದೇಶನ ಪ್ರೆವಿನ್ ಅವರದು. ನಾಲ್ಕು ಭಾಗಗಳು: ಖಮಾಜ್, ಸಿಂಧಿ ಭೈರವಿ, ಅಡಾಣಾ, ಮಾಂಝ್ ಖಮಾಜ್. ಖಮಾಜ್ ಎಂದರೆ ನಮ್ಮ ಹರಿಕಾಂಭೋಜಿಯ ಮನೆಯದು. (ಹಾರ್ಮೋನಿಯಂನಲ್ಲಿ ಆರೋಹಣ ನುಡಿಸಿದೆ. ಕಪ್ಪು ನಾಲ್ಕು ಸಿಕ್ಕಿಕೊಂಡಿತು. ಮುಂದಿನ ಸಾಲಿನ ಭಾಗವತರು ಉಳಿದ ಸ್ವರವನ್ನು ಬಾಯಲ್ಲೇ ಹಾಡಿ ಪೂರೈಸಿದರು.)

ಇದರಲ್ಲಿ ಇರುವ ಕಷ್ಟವನ್ನು ಯೋಚಿಸಿ. ವಾದ್ಯವೃಂದದ ಪ್ರತಿಯೊಬ್ಬರ ಎದುರೂ ಕಾಗದವಿದೆ, ಅದರಲ್ಲಿ ಇಲ್ಲದ್ದನ್ನು ಅವರು ನುಡಿಸುವುದಿಲ್ಲ. ಸಿತಾರಿನವರು ಮನೋಧರ್ಮಕ್ಕೆ ಹೊರಟರೆ ಕಾಗದ ಎಲ್ಲಿಯದು? ಪಾಶ್ಚಾತ್ಯರಲ್ಲಿ ಸ್ವರಗಳನ್ನು ಒಂದರ ಮೇಲೊಂದು ಪೇರಿಸಿ ಅಂದ ಕಟ್ಟುತ್ತಾರೆ. ನಮ್ಮಲ್ಲಿ ಒಂದೇ ಸ್ವರವನ್ನು ಎಳೆದು, ಜಾರಿಸಿ, ಕಂಪಿಸಿ. ಇವೆರಡರ ನಡುವೆ ನಿಂತು, ಇವರು ಈಗ ತಿರುಗಿ ಬರುತ್ತಾರೆ, ನೀವು ತಯಾರಾಗಿ ಎಂದು ಕೋಲಿನ ತುದಿಯಲ್ಲಿ ಹೇಳಲು ಎಂಥವರು ಬೇಕು? ಹಾಳೆಯ ಶಿಸ್ತಿನಲ್ಲೇ ಬೆಳೆದವರಿಗೆ ಅದು ಕಷ್ಟ. ಆಶು ಅರ್ಥ ಹೇಳಿ ಗೊತ್ತಿದ್ದವರೇ ಬೇಕು. ಆ ಸಂಜೆ ಪ್ರೆವಿನ್ ಅವರ ನೆರವಿಗೆ ಬಂದದ್ದು ಜಾಸ್ ಎಂದು ನಾನು ನಂಬಿದ್ದೇನೆ. ವಿಮರ್ಶಕರೆಲ್ಲ ಮೆಚ್ಚಲಿಲ್ಲ, ಇಲ್ಲಿಯ ಮಡಿವಂತರೂ ಮೂಗು ಮುರಿದರು. ನನಗೆ ಆ ಕೃತಿಯ ಎಲ್ಲ ಭಾಗವೂ ಹಿಡಿಸಿಲ್ಲ. ಆದರೆ ಸಿಂಧಿ ಭೈರವಿಯಲ್ಲಿ ಸಿತಾರ್ ಮಾತನಾಡುವಾಗ ವಾದ್ಯವೃಂದ ಉಸಿರು ಹಿಡಿದು ಕೂರುವ ಜಾಗಗಳಿವೆ. ಬಿಡಿ, ಅದನ್ನು ನೀವೇ ಕೇಳಿ.

ಅಂದ ಹಾಗೆ, ನಮ್ಮ ಆಕಾಶವಾಣಿ 1940ರಲ್ಲಿ ಈ ಬಡಪಾಯಿ ಹಾರ್ಮೋನಿಯಂ ಮೇಲೆ ಹೇರಿದ್ದ ನಿಷೇಧ ಸಡಿಲವಾದದ್ದೂ 1971ರಲ್ಲೇ. ಗಮಕ ಬಾರದ ಪರದೇಶಿ ವಾದ್ಯ ಎಂಬುದು ಅದರ ಮೇಲಿದ್ದ ಆರೋಪ. ಲಂಡನ್ನಿನಲ್ಲಿ ಸಿತಾರಿಗೆ ಕುರ್ಚಿ ಹಾಕಿದ ವರ್ಷವೇ ದೆಹಲಿಯಲ್ಲಿ ಹಾರ್ಮೋನಿಯಂಗೆ ಬಾಗಿಲು ತೆರೆಯಿತು.

ಎರಡನೆಯದು ಅದೇ ವರ್ಷದ ಕ್ರಿಸ್‌ಮಸ್ ರಾತ್ರಿಯದು. ಬಿಬಿಸಿ ದೂರದರ್ಶನದಲ್ಲಿ ಮೊರ್ಕಾಂಬ್ ಮತ್ತು ವೈಸ್ ಎಂಬ ಹಾಸ್ಯ ಜೋಡಿಯ ಕಾರ್ಯಕ್ರಮ. ಗಂಭೀರ ನಿರ್ದೇಶಕ ಪ್ರೆವಿನ್ ಅತಿಥಿ, ಹಾಸ್ಯಗಾರ ಎರಿಕ್ ಮೊರ್ಕಾಂಬ್ ಪಿಯಾನೋ ವಾದಕ, ಕೃತಿ ಗ್ರೀಗ್ ಅವರ ಪಿಯಾನೋ ಕಾನ್ಸರ್ಟೋ. ಪ್ರೆವಿನ್ ಅವರ ಹೆಸರನ್ನೇ ಎರಿಕ್ ತಪ್ಪಾಗಿ "ಆಂಡ್ರೂ ಪ್ರಿವ್ಯೂ" ಎನ್ನುತ್ತಾರೆ. ವಾದ್ಯವೃಂದ ಘನವಾಗಿ ಆರಂಭಿಸುತ್ತದೆ. ಎರಿಕ್ ಪಿಯಾನೋದಲ್ಲಿ ಮಕ್ಕಳ ಆಟದಂತೆ ಏನೋ ಕುಟ್ಟುತ್ತಾರೆ. ನೀವು ನುಡಿಸುತ್ತಿರುವ ಸ್ವರಗಳೆಲ್ಲ ತಪ್ಪು ಎನ್ನುತ್ತಾರೆ ಪ್ರೆವಿನ್. ಎರಿಕ್ ಎದ್ದು ಬಂದು ಅವರ ಕೋಟಿನ ಕಾಲರ್ ಹಿಡಿದು, ಮುಖದ ಹತ್ತಿರ ಮುಖ ತಂದು ಹೇಳುತ್ತಾರೆ: ಸ್ವರಗಳೆಲ್ಲ ಸರಿಯಾದವೇ, ಸರಿಯಾದ ಕ್ರಮದಲ್ಲಿ ಇರಲೇಬೇಕೆಂದೇನೂ ಇಲ್ಲ!

ಪ್ರೆವಿನ್ ನಗುವುದಿಲ್ಲ. ಅದೇ ಅವರ ಅಭಿನಯ. ಆ ಮುಖದಲ್ಲಿ ಕೋಪವೂ ಇಲ್ಲ, ಒಂದು ಕ್ಷಣ ಇದು ನಿಜವಿರಬಹುದೇ ಎಂದು ಯೋಚಿಸುವವರ ಗಾಂಭೀರ್ಯ. ಹಾಸ್ಯಗಾರನ ಎದುರು ಅರಸನ ವೇಷ ನಗದೆ ನಿಲ್ಲುವುದು ಎಷ್ಟು ಕಷ್ಟವೆಂದು ವೇಷ ಹಾಕಿದವರನ್ನು ಕೇಳಿ. ಮುಂದೆ ಎಷ್ಟೋ ವರ್ಷ ಲಂಡನ್ನಿನ ಟ್ಯಾಕ್ಸಿ ಚಾಲಕರು ಅವರನ್ನು "ಮಿಸ್ಟರ್ ಪ್ರಿವ್ಯೂ" ಎಂದೇ ಕರೆದರಂತೆ. ಜನವರಿಯಲ್ಲಿ ರವಿಶಂಕರ್, ಡಿಸೆಂಬರ್‌ನಲ್ಲಿ ಎರಿಕ್. ಎರಡಕ್ಕೂ ಬೇಕಾದದ್ದು ಒಂದೇ ಗುಣ, ಎದುರಿಗಿದ್ದವರು ಮುಂದೇನು ಮಾಡುತ್ತಾರೆಂದು ಕಿವಿಕೊಟ್ಟು ಕಾಯುವುದು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪಿಟ್ಸ್‌ಬರ್ಗ್, ಲಾಸ್ ಏಂಜಲೀಸ್ ಆರ್ಕೆಸ್ಟ್ರಾಗಳನ್ನು ನಡೆಸಿದರು. ಎರಡನೆಯದರಲ್ಲಿ ಆಡಳಿತದವರೊಂದಿಗೆ ಹೊಂದದೆ 1989ರಲ್ಲಿ ಬಿಟ್ಟರು. ಮದುವೆ ಐದು ಬಾರಿ. ಅದರ ಕತೆ ಪತ್ರಿಕೆಗಳು ಸಾಕಷ್ಟು ಬರೆದಿವೆ, ನಾನು ಬೆರೆಸುವುದಿಲ್ಲ. ಬಹುಕಾಲ ಬಿಟ್ಟಿದ್ದ ಜಾಸ್‌ಗೆ ಅರವತ್ತರ ಹೊಸ್ತಿಲಲ್ಲಿ ಮತ್ತೆ ಬಂದು ರೇ ಬ್ರೌನ್, ಜೋ ಪಾಸ್ ಜೊತೆ ಧ್ವನಿಮುದ್ರಿಸಿದರು. ಮೊಸಾರ್ಟ್ ಕಾನ್ಸರ್ಟೋಗಳನ್ನು ಪಿಯಾನೋದ ಮುಂದೆ ಕುಳಿತೇ ನಿರ್ದೇಶಿಸುತ್ತ ನುಡಿಸಿದರು. 1996ರಲ್ಲಿ ಬ್ರಿಟನ್ನಿನ ಗೌರವ ನೈಟ್ ಪದವಿ ಬಂತು. 1998ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮೊದಲ ಒಪೆರಾ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಂಗಕ್ಕೇರಿತು. ನಮ್ಮಲ್ಲಿ ಆ ವಯಸ್ಸಿಗೆ ಸನ್ಮಾನದ ಶಾಲು ಮಡಚಿಡಲು ಕಪಾಟು ಹುಡುಕುತ್ತೇವೆ. 2019ರ ಫೆಬ್ರವರಿ 28ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಒಂದು ಕೃತಿ ಬಾಕಿ ಇದೆ. 2001ರಲ್ಲಿ ಪಿಟೀಲು ವಾದಕಿ ಆನ್ ಸೋಫಿ ಮುಟ್ಟರ್ ಅವರಿಗಾಗಿ ಒಂದು ಪಿಟೀಲು ಕಾನ್ಸರ್ಟೋ ಬರೆದರು. ಮುಟ್ಟರ್ ಜರ್ಮನಿಯವರು, ಮರುವರ್ಷ ಇಬ್ಬರಿಗೂ ಮದುವೆಯಾಯಿತು. ಅದರ ಮೂರನೆಯ ಭಾಗದ ತಲೆಯ ಮೇಲೆ ಪ್ರೆವಿನ್ ಬರೆದಿರುವುದು: "ಜರ್ಮನಿಯಲ್ಲಿ ಒಂದು ರೈಲಿನಿಂದ". ಅದು ಒಂದು ಜರ್ಮನ್ ಮಕ್ಕಳ ಹಾಡಿನ ಮೇಲೆ ಕಟ್ಟಿದ ಭಾಗ. ನಾನೊಂದು ಪುಟ್ಟ ಹಕ್ಕಿಯಾಗಿದ್ದರೆ, ಎರಡು ರೆಕ್ಕೆಗಳಿದ್ದರೆ, ನಿನ್ನ ಬಳಿಗೆ ಹಾರಿ ಬರುತ್ತಿದ್ದೆ ಎಂದು ಅದರ ಮಾತು. ಒಂಬತ್ತು ವರ್ಷಕ್ಕೆ ಆ ದೇಶದಿಂದ ಹೊರಹಾಕಿಸಿಕೊಂಡವರು ಎಪ್ಪತ್ತು ದಾಟಿದ ಮೇಲೆ ಆ ಹಾಡನ್ನು ಎತ್ತಿಕೊಂಡಿದ್ದಾರೆ. ಜಾಸ್ ಅಲ್ಲ, ಹಾಲಿವುಡ್ ಅಲ್ಲ. ಎಳೆಯ ಮಕ್ಕಳು ಹಾಡುವ ಧಾಟಿ, ಅದರ ಸುತ್ತ ಅವರು ಕಲಿತದ್ದೆಲ್ಲವೂ ಮೆಲ್ಲಗೆ ಬಂದು ಕೂರುತ್ತದೆ.

ಆ ಭಾಗ ನನ್ನ ಮೊಬೈಲಿನಲ್ಲಿದೆ. ಮೈಕಿನ ಹತ್ತಿರ ಹಿಡಿಯುತ್ತೇನೆ, ಫ್ಯಾನ್ ಎರಡು ನಿಮಿಷ ಆರಿಸಿ. ಮಂಗಳೂರು ಕಡೆಯ ಗಾಡಿಗೆ ಸಮಯವಾಯಿತು ಎಂದು ಗೊತ್ತು. ಬರಲಿ. ಈ ಸಲ ನಿಲ್ಲಿಸುವುದಿಲ್ಲ.